ಗಂಟು ಕಟ್ಟಬೇಕಾದ ಕೈ ಯಾರದು?

ನಿಮ್ಮ ಮಗ ಸ್ಕೌಟ್ಸ್ ದಳಕ್ಕೋ ಮಗಳು ಗೈಡ್ಸ್ ದಳಕ್ಕೋ ಸೇರಿದ್ದರೆ ಮನೆಯ ಕಿಟಕಿ ಸರಳು, ಕುರ್ಚಿಯ ಕಾಲು, ಕೆಲವೊಮ್ಮೆ ಪುಟ್ಟ ತಮ್ಮನ ಕೈಕಾಲು ಕೂಡ ಹಗ್ಗದಲ್ಲಿ ಸಿಕ್ಕಿಕೊಂಡಿರುವುದನ್ನು ನೀವು ಕಂಡಿರುತ್ತೀರಿ. ಪ್ರಥಮ ಸೋಪಾನದ ಪರೀಕ್ಷೆಗೆ ಕೆಲವು ಗಂಟುಗಳನ್ನು ಕಲಿಯಲೇಬೇಕು. ಎರಡು ದಿನ ಉತ್ಸಾಹ. ಮೂರನೆಯ ದಿನ ಮಗು ಮುಖ ಗಂಟಿಕ್ಕಿಕೊಂಡು ಬರುತ್ತದೆ: "ಅಪ್ಪಾ, ಇದು ಬರ್ತಾನೇ ಇಲ್ಲ. ನೀವೇ ಕಟ್ಟಿಕೊಡಿ."

ಆಗ ನೀವೇನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ಹಗ್ಗವನ್ನು ಮಗುವಿನ ಕೈಯಿಂದ ತೆಗೆದುಕೊಂಡು, "ಇಷ್ಟೇ ತಾನೇ" ಎಂದು ಕಟ್ಟಿ ಮುಗಿಸುತ್ತೇವೆ. ಇದನ್ನು ಪ್ರೀತಿ ಎಂದು ಕರೆಯುತ್ತೇವೆ. ಸ್ವಲ್ಪ ನಿಂತು ಯೋಚಿಸಿದರೆ ಅದರಲ್ಲಿ ಪ್ರೀತಿಗಿಂತ ಆತುರವೇ ಹೆಚ್ಚು. ಮಗುವಿನ ನಿಧಾನಗತಿಯನ್ನು ನೋಡುತ್ತ ಕೂರುವ ತಾಳ್ಮೆ ನಮಗಿಲ್ಲ, ಅಷ್ಟೆ. ಶೂಲೇಸಿನಿಂದ ಹಿಡಿದು ಶಾಲೆಯ ಲೆಕ್ಕದವರೆಗೆ ಇದೇ ಕಥೆ.

ಅನುಭವವಿರುವ ಸ್ಕೌಟ್ ಮಾಸ್ಟರರು ಬೇರೆ ರೀತಿ ಮಾಡುತ್ತಾರೆ. ಮಗುವಿನ ಎದುರಿಗೆ ನಿಂತರೆ ಬಲವು ಎಡವಾಗಿ ಕಾಣುವುದರಿಂದ ಪಕ್ಕದಲ್ಲಿ ನಿಲ್ಲುತ್ತಾರೆ. ಎರಡು ಬಣ್ಣದ ಹಗ್ಗ ಕೊಡುತ್ತಾರೆ. ತಮ್ಮ ಹಗ್ಗದಲ್ಲಿ ತಾವು ಕಟ್ಟುತ್ತಾರೆ, ಮಗುವಿನ ಹಗ್ಗವನ್ನು ಮುಟ್ಟುವುದಿಲ್ಲ. ಬೋಲೈನ್ ಕಲಿಸುವಾಗ ಮೊಲದ ಕಥೆ ಹೇಳುತ್ತಾರೆ: ಮೊಲ ಬಿಲದಿಂದ ಹೊರಗೆ ಬಂತು, ಮರವನ್ನು ಸುತ್ತಿತು, ಮತ್ತೆ ಬಿಲಕ್ಕೆ ಇಳಿಯಿತು. ಹತ್ತು ಸಲ ಮೊಲ ದಾರಿ ತಪ್ಪುತ್ತದೆ. ಮಾಸ್ಟರರು ಹನ್ನೊಂದನೆಯ ಸಲಕ್ಕೆ ಕಾಯುತ್ತಾರೆ.

ಇನ್ನೊಂದು ಕಷ್ಟದ ಪ್ರಶ್ನೆಯಿದೆ. ರೀಫ್ ಗಂಟನ್ನು ಬಲತುದಿ ಎಡದ ಮೇಲೆ, ಆಮೇಲೆ ಎಡತುದಿ ಬಲದ ಮೇಲೆ ಹಾಕಿ ಕಟ್ಟಬೇಕು. ಎರಡು ಸಲವೂ ಒಂದೇ ಕಡೆಗೆ ಹಾಕಿದರೆ ಅದು ಗ್ರ್ಯಾನಿ ಗಂಟು. (ಅಜ್ಜಿಯಂದಿರ ಮೇಲೆ ಈ ಅಪವಾದ ಯಾಕೋ! ನಮ್ಮ ಅಜ್ಜಿಯರು ಸೆರಗಿನ ತುದಿಗೆ ಹಾಕಿದ ಗಂಟಿನಿಂದ ಒಂದು ಪೈಸೆಯೂ ಬಿದ್ದದ್ದಿಲ್ಲ.) ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಜಗ್ಗಿದಾಗ ಗ್ರ್ಯಾನಿ ಗಂಟು ಜಾರುತ್ತದೆ, ಇಲ್ಲವೇ ಬಿಚ್ಚಲಾಗದಂತೆ ಬಿಗಿದುಕೊಳ್ಳುತ್ತದೆ. ಈಗ ಪರೀಕ್ಷೆಯ ದಿನ ಒಬ್ಬ ಹುಡುಗ ತಪ್ಪು ಗಂಟನ್ನೇ ಕಟ್ಟಿ ಆಸೆಗಣ್ಣಿನಿಂದ ನಿಂತಿದ್ದಾನೆ. ಅವನ ಗೆಳೆಯರೆಲ್ಲ ತೇರ್ಗಡೆಯಾಗಿದ್ದಾರೆ. ತಾಯಿ ಬಂದು, "ಪಾಪ, ಪಾಸು ಮಾಡಿಬಿಡಿ ಸಾರ್" ಎನ್ನುತ್ತಾರೆ. ಪಾಸು ಮಾಡುವುದು ಕರುಣೆಯೇ?

ಕ್ರೈಸ್ತರಾದ ನಮಗೆ ಕರುಣೆ ದೊಡ್ಡ ಮಾತು. ಆದ್ದರಿಂದಲೇ ಅದನ್ನು ಅಗ್ಗವಾಗಿ ಬಳಸಬಾರದು. ಬೋಲೈನ್ ಎಂಬುದು ಬಾವಿಗೆ ಬಿದ್ದವನ ಸೊಂಟಕ್ಕೆ ಹಾಕಿ ಮೇಲೆತ್ತಬಹುದಾದ ಗಂಟು; ಭಾರ ಬಿದ್ದರೂ ಅದರ ಕುಣಿಕೆ ಬಿಗಿದು ಉಸಿರುಗಟ್ಟಿಸುವುದಿಲ್ಲ. ಬಾರದ ಗಂಟಿಗೆ ಬ್ಯಾಜು ಕೊಟ್ಟರೆ ನಾವು ಆ ಹುಡುಗನಿಗಷ್ಟೇ ಸುಳ್ಳು ಹೇಳಿದಂತಾಗುವುದಿಲ್ಲ. ಮುಂದೊಂದು ದಿನ ಹಗ್ಗದ ಇನ್ನೊಂದು ತುದಿಯಲ್ಲಿ ಇರಬಹುದಾದವನಿಗೂ ಸುಳ್ಳು ಹೇಳಿದಂತೆ. ಆ ಇನ್ನೊಬ್ಬನು ಪರೀಕ್ಷೆಯ ದಿನ ಅಂಗಳದಲ್ಲಿ ಇರುವುದಿಲ್ಲ, ಅವನ ಪರವಾಗಿ ಬೇಡಿಕೊಳ್ಳಲು ತಾಯಿಯೂ ಬರುವುದಿಲ್ಲ. ಅವನ ಪರವಾಗಿ ಮಾತಾಡಬೇಕಾದವರು ಮಾಸ್ಟರರೇ. ನನ್ನ ಮಟ್ಟಿಗೆ, ಹುಡುಗನಿಗೆ ಸಲ್ಲಬೇಕಾದ ಕರುಣೆ ಇನ್ನೊಂದು ವಾರದ ಸಮಯ. ಸಂಜೆ ಅವನ ಪಕ್ಕದಲ್ಲಿ ಕೂರುವ ಅರ್ಧ ಗಂಟೆ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ದಮಸ್ಕಸ್ ಪಟ್ಟಣದಲ್ಲಿ ಪೌಲರನ್ನು ಕೊಲ್ಲಲು ಹಗಲಿರುಳು ದ್ವಾರಗಳಲ್ಲಿ ಕಾವಲಿತ್ತು. ಶಿಷ್ಯರು ರಾತ್ರಿಯಲ್ಲಿ ಅವರನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯಾಚೆಗೆ ಇಳಿಸಿದರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲರೇ ಈ ಪ್ರಸಂಗವನ್ನು ನೆನೆಯುತ್ತಾರೆ. ಆ ಬುಟ್ಟಿಗೆ ಗಂಟು ಹಾಕಿದವರು ಯಾರು? ಹೆಸರಿಲ್ಲ. ಕತ್ತಲು, ಕೆಳಗೆ ಶತ್ರುಗಳು, ಅವಸರ. ಆ ಕೈ ಗಂಟನ್ನು "ಹೇಗೋ ನಡೆಯುತ್ತೆ" ಎಂದು ಕಟ್ಟಿದ್ದರೆ? ರೋಮಿನವರಿಗೆ, ಗಲಾತ್ಯದವರಿಗೆ ಬರೆದ ಪತ್ರಗಳನ್ನು ನಾವು ಬಲಿಪೂಜೆಯಲ್ಲಿ ಓದುತ್ತಿರಲಿಲ್ಲ. ಮಕ್ಕಳಿಗೆ ಹಗ್ಗ ಕೊಡುವ ಮುನ್ನ ಈ ಕಥೆ ಹೇಳಿ. ಅವರು ತುಂಬ ಪ್ರಶ್ನೆ ಕೇಳುತ್ತಾರೆ, ಮುಖ್ಯವಾಗಿ ಪೌಲರ ತೂಕ ಎಷ್ಟಿತ್ತೆಂದು.

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿ, 1908ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಳ್ಳೆಯ ಗಂಟಿಗೆ ಎರಡು ಲಕ್ಷಣ ಹೇಳಿದ್ದಾರೆ. ಭಾರ ತಡೆಯಬೇಕು, ಬೇಕಾದಾಗ ಸುಲಭವಾಗಿ ಬಿಚ್ಚಲೂ ಬರಬೇಕು. ಮೊದಲನೆಯದನ್ನು ಎಲ್ಲರೂ ಒಪ್ಪುತ್ತೇವೆ. ಎರಡನೆಯದು ತಂದೆತಾಯಿಗಳಿಗೆ ಕಹಿ. ಬಿಚ್ಚಲಾಗದ ಗಂಟಿಗೆ ನಮ್ಮಲ್ಲಿ ಕಗ್ಗಂಟು ಎಂಬ ಹೆಸರಿದೆ. ಅದನ್ನು ಯಾರೂ ಹೊಗಳಿಕೆಗೆ ಬಳಸುವುದಿಲ್ಲ. ಹದಿನೇಳರ ಮಗನನ್ನು ಏಳರ ಮಗುವಿನಂತೆ ಕಟ್ಟಿಟ್ಟುಕೊಂಡ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ವಿವಾಹವೆಂಬ ಸಂಸ್ಕಾರದ ಬಂಧನ ಬಿಚ್ಚುವಂಥದ್ದಲ್ಲ, ನಿಜ. ಆದರೆ ಗಂಡಹೆಂಡಿರ ನಡುವೆ ವರ್ಷಗಟ್ಟಲೆ ಬಿಗಿದುಕೊಂಡ ಮುನಿಸು ಆ ಬಂಧನದ ಭಾಗವಲ್ಲ. ಅದನ್ನು ಬಿಚ್ಚಬೇಕು.

ಜರ್ಮನಿಯ ಆಗ್ಸ್‌ಬರ್ಗ್ ನಗರದ ಸಂತ ಪೇತ್ರರ ದೇವಾಲಯದಲ್ಲಿ ಸುಮಾರು 1700ರ ಒಂದು ಚಿತ್ರವಿದೆ. ಮಾತೆ ಮರಿಯಮ್ಮನವರು ಗಂಟು ಗಂಟಾದ ಉದ್ದನೆಯ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಬಿಚ್ಚುತ್ತಿದ್ದಾರೆ. ಒಂದು ಕಡೆಯ ದೇವದೂತ ಗಂಟುಗಳನ್ನು ಒಪ್ಪಿಸುತ್ತಾನೆ, ಇನ್ನೊಂದು ಕಡೆಯವನು ನೇರವಾದ ಪಟ್ಟಿಯನ್ನು ಪಡೆಯುತ್ತಾನೆ. ಹವ್ವಳ ಅವಿಧೇಯತೆಯ ಗಂಟನ್ನು ಮರಿಯಮ್ಮನವರ ವಿಧೇಯತೆ ಬಿಚ್ಚಿತೆಂದು ಎರಡನೆಯ ಶತಮಾನದಲ್ಲೇ ಸಂತ ಇರೇನಿಯಸ್ ಬರೆದಿದ್ದರು. ಆ ಚಿತ್ರದ ತಾಯಿಯ ಕೈಯಲ್ಲಿ ಕತ್ತರಿಯಿಲ್ಲ. ಅವಸರವೂ ಕಾಣುವುದಿಲ್ಲ.

ಸ್ಕೌಟ್ ಮಕ್ಕಳಲ್ಲಿ ಇನ್ನೊಂದು ಹಳೆಯ ರೂಢಿಯುಂಟು. ದಿನಕ್ಕೊಂದು ಸತ್ಕಾರ್ಯ ಮಾಡಬೇಕೆಂಬ ನೆನಪಿಗಾಗಿ ಕೊರಳಿನ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಾರೆ. ಇಂದು ರಾತ್ರಿ ಮಗ ಮಲಗಲು ಹೋಗುವಾಗ ಆ ಗಂಟು ಹಾಗೇ ಇದ್ದರೆ ನೀವು ಬಿಚ್ಚಿ ಸರಿಮಾಡಲು ಹೋಗಬೇಡಿ. ಪಾತ್ರೆ ತೊಳೆಯುತ್ತಿರುವ ಅಮ್ಮನ ಕಡೆಗೆ ಅವನು ತಾನಾಗಿ ನಡೆಯುತ್ತಾನೋ ನೋಡೋಣ.