ಬಾಡಿಗೆಯ ಹೊತ್ತು

ಮೋಟಾರನ್ನು ಬಾಡಿಗೆಗೆ ಗೊತ್ತುಮಾಡುವಾಗ ನಾವು ಗೊತ್ತುಮಾಡುವುದು ಏನನ್ನು ಎಂಬುದು ಮೇಲ್ನೋಟಕ್ಕೆ ಒಂದು ಪ್ರಶ್ನೆಯೇ ಅಲ್ಲ. ಇಷ್ಟು ಗಂಟೆ, ಇಷ್ಟು ಕಿಲೋಮೀಟರು, ಇಷ್ಟು ರೂಪಾಯಿ. ಮೀರಿದರೆ ಮೇಲೆ ಇಷ್ಟು. ಕಳೆದ ಮಳೆಗಾಲದವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಮದುವೆಯೊಂದಕ್ಕೆಂದು ಬೆಳಗಾವಿಗೆ ಹೋಗಿದ್ದೆವು. ಮದುವೆ ಮುಗಿದು ಎರಡು ದಿನ ಮಿಕ್ಕಿದವು. ಒಂದು ದಿನ ಗೋಕಾಕದ ಕಡೆ, ಮತ್ತೊಂದು ದಿನ ಕಿತ್ತೂರಿನ ಕಡೆ ಎಂದು ನಿಶ್ಚಯವಾಯಿತು. ಮಗನಿಗೆ ತಾನೇ ಗಾಡಿ ನಡೆಸುವ ಆಸೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಬರೆದ ಅಂಥ ಬಾಡಿಗೆ ಕಾರುಗಳು ಈಗ ಸಿಗುತ್ತವೆ. ಆದರೆ ಕಾಣದ ದಾರಿ, ಮಳೆ ಬೇರೆ. ಹಳದಿ ಫಲಕದ್ದೇ ಇರಲಿ, ಚಾಲಕನೂ ಬರಲಿ ಎಂದು ನಾನು ಹಟ ಹಿಡಿದೆ. ಹಾಗೆ ಹಟ ಹಿಡಿಯದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಬಂದವನು ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಯುವಕ. ಹಿಡಕಲ್ ಅಣೆಕಟ್ಟನ್ನು ನೋಡಿಕೊಂಡು, ಕಬ್ಬಿನ ಗದ್ದೆಗಳ ನಡುವೆ ಘೋಡಗೇರಿಯ ಹಾದಿ ಹಿಡಿದಾಗ ಅವನು ಮೊದಲ ಸಲ ತಾನಾಗಿ ಬಾಯಿ ತೆರೆದ. “ಸಾಹೇಬ್ರ, ಇದ ನಮ್ಮೂರ್ರೀ. ಅವ್ವಗ ಆರಾಮ ಇಲ್ಲ. ಒಂದ ಹತ್ತ ಮಿನಿಟ ನಿಂದರಸ್ಲೇನ್ರೀ?”

ನಾನು ಗಡಿಯಾರ ನೋಡಿದೆ. ಮಧ್ಯಾಹ್ನದೊಳಗೆ ಗೋಕಾಕದ ಜಲಪಾತ, ಆಮೇಲೆ ಗೊಡಚಿನಮಲ್ಕಿ. ಕತ್ತಲಾಗುವುದರೊಳಗೆ ಊರು ಸೇರಬೇಕು. “ಬರುವಾಗ ನೋಡೋಣಪ್ಪ” ಎಂದೆ. ಇಲ್ಲ ಎನ್ನಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಲ್ಲವೆನ್ನುವ ಧೈರ್ಯವಿಲ್ಲದ ಸಭ್ಯರು ಇಂಥ ಮಾತನ್ನೇ ಆಡುವುದು. “ಆತ್ರೀ” ಎಂದವನು ಗಾಡಿಯ ವೇಗವನ್ನೂ ತಗ್ಗಿಸಲಿಲ್ಲ.

ಘಟಪ್ರಭೆ ಅಂದು ತುಂಬಿ ಬಂದಿದ್ದಳು. ಸುಮಾರು 170 ಅಡಿಯ ಬಂಡೆಯ ಅಂಚಿನಿಂದ, ಕುದುರೆಯ ಲಾಳದಂತೆ ಬಾಗಿ, ಕೆಂಪು ನೀರು ಧುಮುಕುತ್ತಿತ್ತು. ತೂಗುಸೇತುವೆ, ದಡದ ಹಳೆಯ ಗುಡಿ, ಹತ್ತೊಂಬತ್ತನೆಯ ಶತಮಾನದಲ್ಲೇ ಈ ನೀರಿನ ಬಲವನ್ನು ನಂಬಿ ಕಟ್ಟಿದ ಹತ್ತಿಯ ಗಿರಣಿ ಎಲ್ಲವನ್ನೂ ನೋಡಿದೆವು. ಚಿತ್ರ ತೆಗೆದೆವು, ಒದ್ದೆಯಾದೆವು, ಮೆಕ್ಕೆತೆನೆ ತಿಂದೆವು, ಕರದಂಟು ಕೊಂಡೆವು. ಗಾಡಿಯ ಬಳಿಗೆ ಬಂದಾಗ ಎರಡೂವರೆ ಗಂಟೆ ಕಳೆದಿತ್ತು. ಅವನು ಮರದ ಕೆಳಗೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಅಲ್ಲಿಂದ ಘೋಡಗೇರಿ ದೂರವೇನಲ್ಲ. ಈ ಲೆಕ್ಕ ನನಗೆ ಹೊಳೆದದ್ದು ಆಗ. ನಾವು ಹೀಗೆ ಮೈಮರೆಯುತ್ತೇವೆಂದು ಅವನಿಗೆ ಹೇಳಿದ್ದರೆ ಅವನು ಹೋಗಿ ಬಂದೇ ಬಿಡಬಹುದಿತ್ತು. ಹೇಳಲಿಲ್ಲ, ಎಷ್ಟು ಹೊತ್ತಾಗುತ್ತದೆಂದು ಚಾಲಕನಿಗೆ ಹೇಳಿ ಇಳಿಯುವ ಪದ್ಧತಿಯೇ ನಮ್ಮಲ್ಲಿಲ್ಲ.

ಮೊದಲು ಟಾಂಗಾ ಇತ್ತು. ಕುದುರೆಗೆ ನೀರು ಕುಡಿಸಬೇಕು, ಹುಲ್ಲು ಹಾಕಬೇಕು ಎಂದು ಅವನು ನಿಲ್ಲಿಸಿದರೆ ಎಂಥ ಅವಸರದವನೂ ತಕರಾರು ಮಾಡುತ್ತಿರಲಿಲ್ಲ. ಕುದುರೆ ಬಿದ್ದರೆ ಪಯಣವೇ ಬೀಳುತ್ತದಷ್ಟೆ. ಆ ಬಿಡುವಿನಲ್ಲಿ ಅವನೂ ಒಂದು ಬೀಡಿ ಸೇದುತ್ತಿದ್ದ, ಯಾರನ್ನೋ ಮಾತನಾಡಿಸಿ ಬರುತ್ತಿದ್ದ. ಕುದುರೆಯ ದಣಿವು ಮನುಷ್ಯನಿಗೆ ಆಸರೆಯಾಗಿತ್ತು. ಮೋಟಾರಿಗೆ ದಣಿವಿಲ್ಲ, ಹೀಗಾಗಿ ಅದನ್ನು ನಡೆಸುವವನಿಗೂ ಇಲ್ಲವೆಂದುಕೊಂಡೆವು.

ಕಾಯುವುದು ಕೆಲಸವೋ ಅಲ್ಲವೋ ಎಂಬುದರಲ್ಲಿ ಕಾಯಿದೆಯೂ ತೊಡಕಿಗೆ ಬಿದ್ದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು ಹದಿನೈದು ನಿಮಿಷಕ್ಕಿಂತ ಕಡಿಮೆಯಾದರೆ ಅದನ್ನು ಕೆಲಸದ ಹೊತ್ತಿಗೆ ಸೇರಿಸಿತ್ತು. ಅದಾದರೂ ಐವರು ಮತ್ತು ಹೆಚ್ಚು ಮಂದಿ ದುಡಿಯುವ ಉದ್ಯಮಗಳ ಮಾತು. ಒಂದೆರಡು ಗಾಡಿಯವರಿಗೆ ಅನ್ವಯಿಸುತ್ತಿರಲಿಲ್ಲ. ಇರಲಿ, ಕಾಯಿದೆ ಎಷ್ಟು ನಿಮಿಷವನ್ನಾದರೂ ಎಣಿಸಲಿ. ಮರದ ಕೆಳಗಿದ್ದವನ ಎರಡೂವರೆ ಗಂಟೆ ನನ್ನದಾಗಿರಲಿಲ್ಲ, ಏಕೆಂದರೆ ನನಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಅವನದೂ ಆಗಿರಲಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಬಳಸುವ ಹಕ್ಕು ನನಗಿದೆ, ಒಪ್ಪಿದೆ. ಬಳಸದೆ ಕೆಡಿಸುವ ಹಕ್ಕೂ ಅದರಲ್ಲಿ ಸೇರಿದೆಯೇ?

ನನ್ನ ಹೆಂಡತಿ ಇದಕ್ಕೊಂದು ಆಕ್ಷೇಪ ಎತ್ತಿದಳು. “ನಿಲ್ಲಿಸಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಿರಿ. ಅವನ ಹತ್ತು ನಿಮಿಷ ಅವನಿಗೆ ಕೊಟ್ಟು ದೊಡ್ಡವರಾಗುತ್ತಿದ್ದಿರಿ.” ಇದು ನಿಜ. ಆದರೆ ನನ್ನ ಜಂಬ ಅವನ ತಾಯಿಗೆ ಏನು ಕೇಡು ಮಾಡುತ್ತಿತ್ತು? ದೊಡ್ಡಸ್ತಿಕೆಯಿಂದಲೋ ಮರುಕದಿಂದಲೋ, ಗಾಡಿ ನಿಂತಿದ್ದರೆ ಮಗ ಮನೆಗೆ ಹೋಗುತ್ತಿದ್ದ. ಉದ್ದೇಶ ಶುದ್ಧಿಯ ವಿಚಾರವನ್ನು ನಮ್ಮಂಥವರು ಕೆಲವೊಮ್ಮೆ ಏನೂ ಮಾಡದಿರುವುದಕ್ಕೆ ನೆಪವಾಗಿ ಬಳಸುತ್ತೇವೇನೋ.

ಗೊಡಚಿನಮಲ್ಕಿ ಮುಗಿದಾಗ ಮೋಡ ಕವಿದಿತ್ತು. ಮಗ ತನ್ನ ಫೋನಿನಲ್ಲಿ ನೋಡಿ, ಅಂಕಲಗಿಯ ಮೇಲೆ ಹೋದರೆ ಬೆಳಗಾವಿ ಬೇಗ ಸಿಗುತ್ತದೆ ಎಂದ. ಚಾಲಕ ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿದ. ನಾನು ಕರದಂಟಿನ ಪೊಟ್ಟಣದ ದಾರ ಬಿಗಿಮಾಡುತ್ತಿದ್ದೆ. ಅವನು ಆ ದಾರಿಗೇ ಗಾಡಿ ತಿರುಗಿಸಿದ. ಮರೆತಿದ್ದೆ ಎಂದು ಬರೆದರೆ ಓದುಗರು ನಂಬಬಹುದು, ಮರೆತಿರಲಿಲ್ಲ.

ಇಳಿದಾಗ ಬಾಡಿಗೆಯ ಮೇಲೆ ಐನೂರು ರೂಪಾಯಿ ಕೊಟ್ಟೆ. “ಯಾಕ್ರೀ ಇಷ್ಟು?” ಎಂದ. “ಇರಲಿ” ಎಂದೆ. ಅವನು ಅದನ್ನು ಭಕ್ಷೀಸು ಎಂದು ತಿಳಿದು ನಮಸ್ಕಾರ ಮಾಡಿದ. ಆ ನಮಸ್ಕಾರ ಮಾತ್ರ ಬೇಡವಾಗಿತ್ತು.

ಮರುದಿನ ಕಿತ್ತೂರಿಗೆ ಹೊರಡಲು ಬೇರೊಬ್ಬ ಬಂದ. ನಿನ್ನೆಯವನೆಲ್ಲಿ ಎಂದು ಕೇಳಿದೆ. “ಮತ್ತೊಂದ ಪಾರ್ಟಿ ಬಂತ್ರೀ, ಗೋಕಾಕ ಫಾಲ್ಸಿಗೆ ಹೋಗ್ಯಾನ” ಎಂದ. ಯಾವ ದಾರಿಯಿಂದ ಹೋದರೆಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಸಾಮಾನು ಹತ್ತಿಸಿಯಾಗಿತ್ತು.