ಶ್ರದ್ಧೆಯ ಮೊದಲ ಪಾಠ

ಮನುಷ್ಯನಲ್ಲಿ ಪೂಜ್ಯಭಾವವು ಹೇಗೆ ಹುಟ್ಟುತ್ತದೆಂಬುದು ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆಗಳಲ್ಲೊಂದು. ಅಕ್ಷರವನ್ನು ತಿದ್ದಿಸಬಹುದು, ಮಗ್ಗಿಯನ್ನು ಬಾಯಿಪಾಠ ಮಾಡಿಸಬಹುದು, ನೀತಿವಾಕ್ಯಗಳನ್ನು ಗೋಡೆಯ ಮೇಲೆ ಬರೆಯಿಸಬಹುದು. ಆದರೆ ತನಗಿಂತ ಹಿರಿದಾದುದರ ಎದುರಿನಲ್ಲಿ ಮನಸ್ಸು ಯಾರ ಬಲವಂತವೂ ಇಲ್ಲದೆ ತಾನಾಗಿ ಬಾಗುವ ಆ ಸಂಸ್ಕಾರವನ್ನು ಎಳೆಯ ಮಗುವಿಗೆ ಯಾರು, ಎಲ್ಲಿ, ಯಾವ ಬಗೆಯಿಂದ ಕೊಡತಕ್ಕದ್ದು? ದೇವಾಲಯವು ಕೊಡುವುದೆಂದು ಕೆಲವರೂ ಶಾಲೆಯು ಕೊಡಬೇಕೆಂದು ಕೆಲವರೂ ಹೇಳುವುದುಂಟು. ನನ್ನ ನಂಬಿಕೆ ಬೇರೆ. ಆ ಸಂಸ್ಕಾರದ ಮೊದಲ ಪಾಠವು ಬಯಲಿನಲ್ಲಿ, ಗಿಡಮರಗಳ ಸನ್ನಿಧಿಯಲ್ಲಿ ನಡೆಯಬೇಕು. ಪ್ರಾಥಮಿಕ ಶಾಲೆಯು ಅದಕ್ಕೆ ಎಡೆಮಾಡಿಕೊಡಬೇಕು. ಆ ಪಾಠದಲ್ಲಿ ತಂದೆತಾಯಿಯರು ಮಕ್ಕಳೊಡನೆ ತಾವೂ ವಿದ್ಯಾರ್ಥಿಗಳಾಗಿ ಕುಳಿತಿರಬೇಕು.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಇದಕ್ಕೊಂದು ಪ್ರಮಾಣವಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋದ ಶ್ವೇತಕೇತುವು ಸಮಸ್ತ ವೇದಗಳನ್ನೂ ಅಧ್ಯಯನ ಮಾಡಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ತಾನು ಬಲ್ಲವನೆಂಬ ಬಿಂಕವನ್ನು ಹೊತ್ತುಕೊಂಡು ಮನೆಗೆ ಹಿಂದಿರುಗುತ್ತಾನೆ. ಅವನ ತಂದೆಯಾದ ಉದ್ದಾಲಕನು ಮಗನನ್ನು ಗದರಿಸಲಿಲ್ಲ. ಆಲದ ಹಣ್ಣೊಂದನ್ನು ತರಹೇಳಿ, ಅದನ್ನು ಒಡೆಯಿಸಿ, ಒಳಗಿನ ಅಣುವಿನಂಥ ಬೀಜವನ್ನೂ ಒಡೆಯಿಸಿ, ಅಲ್ಲಿ ಏನು ಕಾಣುತ್ತದೆಂದು ಕೇಳಿದನು. ಏನೂ ಕಾಣುವುದಿಲ್ಲವೆಂದು ಮಗನು ಒಪ್ಪಿಕೊಂಡ ಮೇಲೆಯೇ, ಕಣ್ಣಿಗೆ ಕಾಣದ ಆ ಸೂಕ್ಷ್ಮದಿಂದಲೇ ಈ ಮಹಾವೃಕ್ಷವು ಎದ್ದು ನಿಂತಿರುವುದೆಂದು ತಿಳಿಸಿ, ಶ್ರದ್ಧೆಯಿಡು ಎಂದು ಹೇಳಿದನು. ಹನ್ನೆರಡು ವರ್ಷಗಳ ಅಧ್ಯಯನವು ತಂದುಕೊಡದಿದ್ದ ವಿನಯವನ್ನು ಮರದ ಕೆಳಗಿನ ಒಂದು ಹಣ್ಣು ತಂದುಕೊಟ್ಟಿತು. ಅದನ್ನು ಕೈಗೆ ಕೊಡಿಸಿದವನು ತಂದೆ. ಶ್ರದ್ಧೆಯೆಂಬ ಮಾತು ಇಲ್ಲಿ ಪಾಠದ ಕೊನೆಗೆ ಬಂದಿರುವುದನ್ನೂ ಗಮನಿಸಬೇಕು. ತರುವುದು, ಒಡೆಯುವುದು, ನೋಡುವುದು, ಕಂಡದ್ದನ್ನು ಕಂಡಂತೆ ಹೇಳುವುದು—ಇಷ್ಟಾದ ಬಳಿಕ ಹುಟ್ಟಿದ ಶ್ರದ್ಧೆಯು ಮೂಢನಂಬಿಕೆಯಾಗಲಾರದು.

ಈ ಪಾಠವನ್ನು ಇಂದಿಗೂ ಯಾವ ಹಳ್ಳಿಯ ಶಾಲೆಯಲ್ಲಾದರೂ ನಡೆಸಬಹುದು. ಆಲ, ಅರಳಿ, ಅತ್ತಿಗಳು ಒಂದೇ ಕುಲದ ಮರಗಳು. ಹೊರಗೆ ಕೆಂಪಗೆ ಚೆಲುವಾಗಿದ್ದು ಒಳಗೆ ಹುಳು ತುಂಬಿರುವುದೆಂದು ಅತ್ತಿಯ ಹಣ್ಣನ್ನು ಕಪಟಕ್ಕೆ ನಿದರ್ಶನವಾಗಿ ಹೇಳುವುದು ನಮ್ಮ ಜನರಲ್ಲಿ ವಾಡಿಕೆ. ಆದರೆ ನಾವು ಹಣ್ಣೆಂದು ಕರೆಯುವ ಆ ಗುಂಡಿನ ಒಳಮೈಯಲ್ಲಿಯೇ ಮರದ ಹೂಗಳೆಲ್ಲ ಅಡಗಿರುತ್ತವೆ. ಕಣಜದ ಜಾತಿಗೆ ಸೇರಿದ ಅತಿಸಣ್ಣ ಕೀಟವೊಂದು ಕಿರಿದಾದ ಬಾಯಿಯಿಂದ ಒಳಹೊಕ್ಕು, ಪರಾಗವನ್ನು ತಂದುಕೊಟ್ಟು, ಅಲ್ಲಿಯೇ ಮೊಟ್ಟೆಯಿಡುತ್ತದೆ. ಕೀಟವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕೀಟಕ್ಕೆ ಸಂತಾನವಿಲ್ಲ. ಹಣ್ಣನ್ನು ಬಿಡಿಸಿದ ಮಗುವು ಹುಳುವನ್ನು ಕಂಡು ಮುಖವೆತ್ತಿದಾಗ, ಪಕ್ಕದಲ್ಲಿರುವ ತಾಯಿಯು “ಛೀ, ಬಿಸಾಡು” ಎಂದರೆ ಅದು ಜುಗುಪ್ಸೆಯನ್ನು ಕಲಿಯುತ್ತದೆ, “ನೋಡೋಣ, ಎಲ್ಲಿಂದ ಬಂತು?” ಎಂದು ಅವಳೂ ಬಗ್ಗಿದರೆ, ಹೇಯವೆಂದು ನಾವು ತಳ್ಳುವ ವಸ್ತುವೇ ಜೀವದ ಆಧಾರವಾಗಿರಬಹುದೆಂಬ ಅರಿವನ್ನು ಪಡೆಯುತ್ತದೆ. ಉಪಾಧ್ಯಾಯರು ವಿಷಯವನ್ನು ವಿವರಿಸಬಲ್ಲರು. ಆದರೆ ಯಾವುದಕ್ಕೆ ಹೇಸಬೇಕು, ಯಾವುದನ್ನು ಆದರಿಸಬೇಕು ಎಂಬುದನ್ನು ಮಗುವು ತಂದೆತಾಯಿಯರ ಮುಖವನ್ನು ನೋಡಿಯೇ ನಿಶ್ಚಯಿಸಿಕೊಳ್ಳುತ್ತದೆ. ಆದಕಾರಣವೇ ಅವರ ಸಾನ್ನಿಧ್ಯವು ಅಲ್ಲಿ ಅವಶ್ಯ.

ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಮರಗಳ ಕೆಳಗೆ ಶಾಲೆಯನ್ನು ತೆರೆದಾಗ, ಮೊದಲ ಕೆಲವೇ ವಿದ್ಯಾರ್ಥಿಗಳಲ್ಲಿ ಅವರ ಸ್ವಂತ ಮಗನಾದ ರಥೀಂದ್ರನಾಥನೂ ಒಬ್ಬನಾಗಿದ್ದನೆಂಬುದು ಸಣ್ಣ ಸಂಗತಿಯಲ್ಲ. 1928ರಲ್ಲಿ ಅಲ್ಲಿ ಆರಂಭವಾದ ವೃಕ್ಷಾರೋಪಣೋತ್ಸವವು, ಗಿಡ ನೆಡುವ ಕೆಲಸವೂ ಒಂದು ಉಪಾಸನೆಯಾಗಬಹುದೆಂಬುದನ್ನು ತೋರಿಸಿತು. ನಮ್ಮ ಕಾಲದಲ್ಲಿ ದೇಶದ ಶಾಸನವೇ ತಂದೆತಾಯಿಯರಿಗೆ ಶಾಲೆಯಲ್ಲಿ ಸ್ಥಾನವನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಯರು ಅಥವಾ ಪೋಷಕರು. ಅರ್ಧದಷ್ಟು ಮಂದಿ ಸ್ತ್ರೀಯರು. ಜನರು ಎಸ್‌ಡಿಎಂಸಿ ಎಂದು ಕರೆಯುವ ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಕಾಂಪೌಂಡು, ಶೌಚಾಲಯ, ಬಿಸಿಯೂಟಗಳನ್ನು ವಿಚಾರಿಸುತ್ತದೆ, ಅವು ಬೇಕಾದುವೇ. ಆದರೆ ಕಾಂಪೌಂಡಿನ ಒಳಗೆ ನೆಟ್ಟ ನುಗ್ಗೆ, ಕರಿಬೇವು, ಹೊಂಗೆಗಳ ಬುಡದಲ್ಲಿ ಮಕ್ಕಳೊಡನೆ ಕುಳಿತು ಪಾತಿ ಮಾಡುವುದೂ ಅದೇ ಅಧಿಕಾರದ ಭಾಗವೆಂದು ಭಾವಿಸುವವರು ವಿರಳ.

ಶಾಲೆಗೆ ಹೋಗದ ತಾವು ಶಾಲೆಯಲ್ಲಿ ಏನು ಹೇಳಿಯೇವು ಎಂಬ ಸಂಕೋಚವು ಬಡ ತಂದೆತಾಯಿಯರನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಯಾವ ಮಳೆನಕ್ಷತ್ರದಲ್ಲಿ ಯಾವ ಬೀಜವನ್ನು ಬಿತ್ತಬೇಕೆಂಬುದನ್ನು ಬಲ್ಲ ರೈತನೂ, ಯಾವ ಸೊಪ್ಪು ಉಣ್ಣತಕ್ಕದ್ದು, ಯಾವುದು ನಂಜೆಂದು ಬಲ್ಲ ತಾಯಿಯೂ, ಕುರಿಯ ನಡಿಗೆಯಿಂದಲೇ ಅದರ ರೋಗವನ್ನು ಅರಿಯುವ ಕುರುಬನೂ ಆ ಸಂಕೋಚವನ್ನು ಪಡಬೇಕಾದುದಿಲ್ಲ. ನಾಲ್ಕು ಗೋಡೆಗಳ ಒಳಗೆ ಇವರ ವಿದ್ಯೆಗೆ ಬೆಲೆಯಿಲ್ಲದಿರುವುದರಿಂದ, ಅದು ವಿದ್ಯೆಯೇ ಅಲ್ಲವೆಂದು ಮಗುವು ಎಣಿಸಿ, ಓದು ಹೆಚ್ಚಿದಂತೆಲ್ಲ ಹೆತ್ತವರನ್ನು ಕಿರಿದಾಗಿ ಕಾಣತೊಡಗುತ್ತದೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ತಾಯಿತಂದೆಗಳನ್ನು ದೇವರೆಂದು ಕಾಣೆಂದು ಶಿಷ್ಯನಿಗೆ ಬೋಧಿಸುವವನು ಆಚಾರ್ಯನೇ. ಆ ಬೋಧೆಯನ್ನು ಇಂದಿನ ಶಾಲೆಯು ಬಾಯಲ್ಲಿ ಹೇಳಿದರೆ ಸಾಲದು. ರೈತನಾದ ತಂದೆಯನ್ನು ಬಯಲಿಗೆ ಕರೆದು, ಉಪಾಧ್ಯಾಯರೂ ಅವನ ಮಾತಿಗೆ ಕಿವಿಗೊಟ್ಟು ನಿಂತು, ಅದನ್ನು ಆಚರಿಸಿ ತೋರಿಸಬೇಕು.

ಇನ್ನು ಅನುಕೂಲಸ್ಥರ ತೊಡಕು ಬೇರೆ ತೆರನಾದುದು, ಅದು ಭಯ. ಹಾವಿದೆ, ಮುಳ್ಳಿದೆ, ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆ. ಈ ಭಯಕ್ಕೆ ಆಧಾರವಿಲ್ಲದಿಲ್ಲ, ಎಚ್ಚರಿಕೆಯು ಧರ್ಮವೇ. ಆದರೆ ಎಚ್ಚರಿಕೆಯು ಮೋಹವಾಗಿ ತಿರುಗುವ ಗಡಿಯೊಂದುಂಟು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ನಾಲ್ಕು ಗುರುಗಳಲ್ಲಿ ಪಾರಿವಾಳವನ್ನೂ ಎಣಿಸುತ್ತಾನೆ: ಮರಿಗಳು ಬಲೆಗೆ ಬಿದ್ದುದನ್ನು ಕಂಡು ತಾಯಿಯೂ, ಅದರ ಹಿಂದೆ ತಂದೆಯೂ ತಾವಾಗಿಯೇ ಬಲೆಗೆ ಬೀಳುತ್ತವೆ. ಮಮತೆಯು ವಿವೇಕವನ್ನು ನುಂಗಿದರೆ ರಕ್ಷಿಸಬೇಕಾದವರೇ ನಾಶವಾಗುತ್ತಾರೆಂಬುದು ಅದರ ತಾತ್ಪರ್ಯ.

ಇದಕ್ಕೆ ಎದುರಾಗಿ ಛಾಂದೋಗ್ಯದಲ್ಲಿಯೇ ಬರುವ ಜಬಾಲೆಯೆಂಬ ತಾಯಿಯನ್ನು ನೆನೆಯಬೇಕು. ತನಗೆ ಗೋತ್ರವು ತಿಳಿಯದೆಂಬ ಸತ್ಯವನ್ನು ಮುಚ್ಚದೆ ಹೇಳಿ, ಆಕೆ ಮಗನಾದ ಸತ್ಯಕಾಮನನ್ನು ಗುರುವಿನೆಡೆಗೆ ಕಳುಹಿಸಿದಳು. ಗುರುವು ನಾನೂರು ಬಡಕಲು ಹಸುಗಳೊಡನೆ ಅವನನ್ನು ಅಡವಿಗೆ ಅಟ್ಟಿದನು. ಹಸುಗಳು ಸಾವಿರವಾಗುವವರೆಗೆ ವರ್ಷಗಟ್ಟಲೆ ಅಲ್ಲಿದ್ದ ಹುಡುಗನಿಗೆ ವೃಷಭವೂ, ಅಗ್ನಿಯೂ, ಹಂಸವೂ, ನೀರಹಕ್ಕಿಯೂ ಬ್ರಹ್ಮದ ಒಂದೊಂದು ಪಾದವನ್ನು ಬೋಧಿಸಿದುವು. ತಾಯಿ ಸತ್ಯವನ್ನು ಕೊಟ್ಟಳು, ಪ್ರಕೃತಿ ಜ್ಞಾನವನ್ನು ಕೊಟ್ಟಿತು, ಗುರುವು ಅದನ್ನು ಪೂರ್ಣಗೊಳಿಸಿದನು. ಈ ಮೂರರಲ್ಲಿ ಯಾವುದು ತಪ್ಪಿದರೂ ವಿದ್ಯೆಯು ಕುಂದುತ್ತದೆ. ಜೊತೆಗೆ ಕುಳಿತು ನೋಡುವುದು ಎಳೆತನದಲ್ಲಿ ತಂದೆತಾಯಿಯರ ಧರ್ಮ. ಮಗುವು ತಾನಾಗಿ ನೋಡಲು ಕಲಿತ ಮೇಲೆ ಕೈಬಿಡುವುದೂ ಅವರ ಧರ್ಮವೇ.

ಆದುದರಿಂದ ಹೆತ್ತವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಶಾಲೆಯ ಹೊರಸಂಚಾರದ ದಿನ ಸಹಿ ಹಾಕಿದ ಚೀಟಿಯನ್ನಷ್ಟೇ ಕಳುಹಿಸಬೇಡಿ, ನೀವೂ ಹೋಗಿರಿ. ಹೋದಾಗ ಮಗುವಿನ ಕೈಯ ಮಣ್ಣನ್ನು ಆತುರದಿಂದ ಒರೆಸಬೇಡಿ, ಅದು ಕೇಳುವ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ ಅದರೊಡನೆ ಹುಡುಕಿರಿ. ಉಪಾಧ್ಯಾಯರೇ, ನೀವು ಕೂಲಿಯವರ ಒಂದು ದಿನದ ದುಡಿಮೆ ಕೆಡದಂತೆ ಬಿಡುವಿನ ದಿನವನ್ನು ಗೊತ್ತುಮಾಡಿ, ಅವರನ್ನು ಅತಿಥಿಗಳೆಂದು ಮುಂದೆ ಕೂರಿಸದೆ ಬಲ್ಲವರೆಂದು ಮಾತಾಡಿಸಿರಿ. ಹೆತ್ತವರು ಬಾಗಿ ನೋಡಿದುದನ್ನೇ ಮಕ್ಕಳು ಗೌರವಿಸಲು ಕಲಿಯುತ್ತಾರೆ.