ವರ್ಣಭೇದಕ್ಕೆ ಬೈಬಲಿನ ಉತ್ತರ

ಧರ್ಮ ಮನೆಯೊಳಗಿರಲಿ, ರಾಜಕಾರಣಕ್ಕೆ ಬರುವುದು ಬೇಡ ಎಂಬ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ ಮಾತ್ರ ಆ ಮಾತಿಗೆ ಕಾಲ ಮಿಂಚಿಹೋಗಿತ್ತು. ಅಲ್ಲಿ ಕ್ರೈಸ್ತ ದೈವಶಾಸ್ತ್ರ ರಾಜ್ಯದ ಅಡಿಪಾಯದಲ್ಲೇ ಕೂತಿತ್ತು. 1857ರಲ್ಲಿ ಕೇಪ್ ಪ್ರಾಂತದ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ, ಎಲ್ಲರೂ ಒಟ್ಟಾಗಿ ಆರಾಧಿಸುವುದೇ ಶಾಸ್ತ್ರಸಮ್ಮತ ಎಂದು ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡೂ ‘ಕೆಲವರ ದೌರ್ಬಲ್ಯ’ದ ನೆಪದಲ್ಲಿ ಬಿಳಿಯರಲ್ಲದವರ ಆರಾಧನೆಯನ್ನು ಬೇರೆ ಮಾಡಲು ಅವಕಾಶ ಕೊಟ್ಟಿತು. ದುರ್ಬಲರು ಯಾರೆಂದರೆ, ಕರಿಯರ ಪಕ್ಕದಲ್ಲಿ ಕೂತು ಪ್ರಭುಭೋಜನ ಸ್ವೀಕರಿಸಲಾಗದ ಬಿಳಿಯರು! 1881ರ ಹೊತ್ತಿಗೆ ಮಿಶ್ರವರ್ಣೀಯರ ಚರ್ಚೇ ಪ್ರತ್ಯೇಕವಾಯಿತು. 1948ರಲ್ಲಿ ವರ್ಣಭೇದವನ್ನು ಸರ್ಕಾರದ ನೀತಿಯಾಗಿಸಿದ ಪ್ರಧಾನಿ ಡಿ. ಎಫ್. ಮಲಾನ್ ಹಿಂದೆ ಇದೇ ಚರ್ಚಿನ ಸಭಾಪಾಲಕರಾಗಿದ್ದವರು. 1974ರಲ್ಲೂ ಆ ಚರ್ಚು, ದೇವರು ಜನರ ಭಾಷೆಯನ್ನು ಗಲಿಬಿಲಿ ಮಾಡಿ ಚದುರಿಸಿದ ಬಾಬೆಲ್ ಗೋಪುರದ ಕಥೆಯನ್ನು ಮುಂದಿಟ್ಟು, ಜನಾಂಗಗಳು ಬೇರೆಬೇರೆಯಾಗಿ ಬೆಳೆಯುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ ಎಂದು ವರದಿ ಬರೆಯಿತು. ಮೇಲುಕೀಳಿಗೆ ಶಾಸ್ತ್ರದ ಮುದ್ರೆ ಒತ್ತುವ ಈ ಕಲೆ ನಮಗೇನೂ ಹೊಸದಲ್ಲ.

ಇಂಥ ಕಡೆ ಸಮಾನತೆಯ ಸೆಕ್ಯುಲರ್ ವಾದ ಎಷ್ಟೇ ಸರಿಯಾಗಿದ್ದರೂ ಅದೊಂದೇ ಸಾಲುವುದಿಲ್ಲ. ತಾನು ದೇವರ ಆಣತಿ ಪಾಲಿಸುತ್ತಿದ್ದೇನೆಂದು ನಂಬಿದವನಿಗೆ ವಿಶ್ವಸಂಸ್ಥೆಯ ನಿರ್ಣಯ ಹೊರಗಿನವರ ಗದ್ದಲವಾಗಿಯಷ್ಟೇ ಕೇಳಿಸುತ್ತದೆ. ಅವನನ್ನು ಅಲುಗಾಡಿಸಬೇಕಾದರೆ ಅವನ ಬೈಬಲನ್ನೇ ಬಿಚ್ಚಬೇಕು. ಅದೇ ಚರ್ಚಿನ ಸಭಾಪಾಲಕ ಬೇಯರ್ಸ್ ನಾಡೆ ಮಾಡಿದ್ದು ಅದನ್ನೇ. ಆಫ್ರಿಕಾನರ್ ಪ್ರತಿಷ್ಠಿತರ ಗುಪ್ತ ಕೂಟ ಬ್ರೂಡರ್‌ಬಾಂಡ್‌ನ ಸ್ಥಾಪಕರಲ್ಲೊಬ್ಬರ ಮಗ ಅವರು, ಸ್ವತಃ ಅದರ ಸದಸ್ಯರು. ಶಾರ್ಪ್‌ವಿಲ್‌ನಲ್ಲಿ 1960ರ ಮಾರ್ಚ್ 21ರಂದು ಪೊಲೀಸರ ಗುಂಡಿಗೆ 69 ಜನ ಕರಿಯ ಪ್ರತಿಭಟನಕಾರರು ಸತ್ತರು. ಆ ವರ್ಷದ ಕೊನೆಯಲ್ಲಿ ಕಾಟೆಸ್ಲೋದಲ್ಲಿ ಸೇರಿದ ಚರ್ಚುಗಳ ಸಮಾಲೋಚನೆ, ಬಣ್ಣದ ಕಾರಣಕ್ಕೆ ಯಾರನ್ನೂ ಚರ್ಚಿನಿಂದ ಹೊರಗಿಡುವಂತಿಲ್ಲ ಎಂದಿತು. ಪ್ರಧಾನಿ ಫರ್ವೂರ್ಟ್ ಕಣ್ಣು ಕೆಂಪಾದದ್ದೇ ತಡ, ಬಿಳಿಯರ ಚರ್ಚು ತನ್ನ ಪ್ರತಿನಿಧಿಗಳ ಮಾತನ್ನೇ ತಳ್ಳಿಹಾಕಿತು. ಆ ಪ್ರತಿನಿಧಿಗಳಲ್ಲೊಬ್ಬರಾದ ನಾಡೆ ಹಿಂದೆ ಸರಿಯಲಿಲ್ಲ. 1963ರಲ್ಲಿ ಪಾಲಕ ವೃತ್ತಿ ಕಳೆದುಕೊಂಡರು, 1977ರಿಂದ ಏಳು ವರ್ಷ ಸರ್ಕಾರದ ನಿರ್ಬಂಧ ಅನುಭವಿಸಿದರು. 1982ರಲ್ಲಿ ಒಟ್ಟಾವದಲ್ಲಿ ಸೇರಿದ ರಿಫಾರ್ಮ್ಡ್ ಚರ್ಚುಗಳ ವಿಶ್ವಕೂಟ, ವರ್ಣಭೇದವನ್ನು ದೈವಶಾಸ್ತ್ರದಿಂದ ಸಮರ್ಥಿಸುವುದು ಪಾಷಂಡಬೋಧೆ ಎಂದು ಸಾರಿ ಬಿಳಿಯರ ಎರಡು ಚರ್ಚುಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ರಾಜಕೀಯ ಖಂಡನೆಗೆ ರಾಜಕೀಯ ಉತ್ತರವಿರುತ್ತದೆ. ‘ನೀನು ಕ್ರೈಸ್ತನೇ ಅಲ್ಲ’ ಎಂಬ ಆರೋಪವನ್ನು ಡಚ್ ರಿಫಾರ್ಮ್ಡ್ ಚರ್ಚು ತನ್ನದೇ ಶಾಸ್ತ್ರದೊಳಗೆ ಎದುರಿಸಬೇಕಾಯಿತು. 1986ರಲ್ಲಿ ಅದು ತನ್ನ ಸದಸ್ಯತ್ವ ಎಲ್ಲರಿಗೂ ತೆರೆದಿದೆ ಎಂದಿತು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಒಂದೇ ಗ್ರಂಥ ಇಬ್ಬರಿಗೂ ಸಾಕ್ಷಿ ಹೇಳುವುದಾದರೆ ಆ ಸಾಕ್ಷಿಗೆ ಬೆಲೆಯೆಲ್ಲಿ? ವರ್ಣಭೇದ ಬಿದ್ದದ್ದು ಮುಷ್ಕರಗಳಿಂದ, ಆರ್ಥಿಕ ದಿಗ್ಬಂಧನದಿಂದ, ಪ್ರಾಣ ತೆತ್ತ ಹುಡುಗರಿಂದ, ಧರ್ಮೋಪದೇಶದಿಂದಲ್ಲ. ಎರಡನೆಯ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಮೊದಲನೆಯದಕ್ಕೆ ಉತ್ತರ ದಕ್ಷಿಣ ಆಫ್ರಿಕದ ದೈವಶಾಸ್ತ್ರಜ್ಞರು ಹೊರತಂದ 1985ರ ‘ಕೈರೋಸ್’ ದಸ್ತಾವೇಜಿನಲ್ಲಿದೆ. ಅದು ಪ್ರಭುತ್ವದ ದೈವಶಾಸ್ತ್ರವನ್ನಷ್ಟೇ ಅಲ್ಲ, ನ್ಯಾಯ ಸಿಗುವ ಮೊದಲೇ ಸಮಾಧಾನ ಬೋಧಿಸುತ್ತಿದ್ದ ಚರ್ಚುಗಳ ದೈವಶಾಸ್ತ್ರವನ್ನೂ ಖಂಡಿಸಿತು. ಅರ್ಥಾತ್ ಎರಡು ಓದುಗಳು ಸಮಬಲದವಲ್ಲ. ಒಂದು ತನ್ನ ಓದುಗನಿಗೆ ಜಮೀನು, ಮತ, ಅಧಿಕಾರ ಕೊಡುತ್ತದೆ. ಇನ್ನೊಂದು ನಾಡೆಯಂಥವರಿಂದ ಇದ್ದದ್ದನ್ನೂ ಕಿತ್ತುಕೊಳ್ಳುತ್ತದೆ. ನಷ್ಟ ತಂದ ಮಾತ್ರಕ್ಕೆ ಓದು ಸರಿಯೆಂದಾಗದು, ನಿಜ. ಆದರೆ ಲಾಭವನ್ನಷ್ಟೇ ತರುವ ಓದನ್ನು ಅನುಮಾನಿಸಲೇಬೇಕು.

ಕ್ಷಮೆಯ ವಿಷಯಕ್ಕೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ವರ್ಣಭೇದ ಕಾಲದ ಅಪರಾಧಗಳ ಅಹವಾಲು ಕೇಳತೊಡಗಿದಾಗ, ಕ್ಷಮೆಯ ಕ್ರೈಸ್ತ ಭಾಷೆ ನೊಂದವರ ಮೇಲೆ ಭಾರ ಹೇರುತ್ತಿದೆ ಎಂಬ ಟೀಕೆ ಬಂತು. ರಾಜಕೀಯ ಉದ್ದೇಶದ ಅಪರಾಧದ ಪೂರ್ತಿ ಸತ್ಯ ಹೇಳಿದರೆ ಕ್ಷಮಾದಾನ ಸಿಗಬಹುದಿತ್ತು, ಪಶ್ಚಾತ್ತಾಪ ಕಡ್ಡಾಯವಿರಲಿಲ್ಲ. ಕೊಲೆಗಡುಕ ಮನೆಗೆ ಹೋದ, ವಿಧವೆಗೆ ಪರಿಹಾರ ತಡವಾಗಿ, ಅಲ್ಪವಾಗಿ ಬಂತು. ಟೀಕೆ ಸರಿಯಾಗಿಯೇ ಇದೆ. ಕೈರೋಸ್ ಎಚ್ಚರಿಸಿದ್ದೂ ಇದನ್ನೇ. ಮಿಶ್ರವರ್ಣೀಯರ ಚರ್ಚು 1986ರಲ್ಲಿ ಅಂಗೀಕರಿಸಿದ ಬೆಲ್ಹಾರ್ ವಿಶ್ವಾಸ ಘೋಷಣೆ ಐಕ್ಯ, ಸಾಮರಸ್ಯ, ನ್ಯಾಯ ಮೂರನ್ನೂ ಒಟ್ಟಿಗೇ ಕೇಳಿತ್ತು. ಆ ಚರ್ಚೂ ಅದೇ ಬಳಗದ ಕರಿಯರ ಚರ್ಚೂ 1994ರಲ್ಲಿ ಒಂದಾದವು. ಬಿಳಿಯರ ಚರ್ಚಿನೊಂದಿಗಿನ ವಿಲೀನ ಮಾತುಕತೆಯಲ್ಲೇ ಉಳಿದಿದೆ.